ಉದ್ಯೋಗಾರ್ಥಿಗಳ ಜಾಲತಾಣ: ರಚನಾಕ್ರಮದ ಒಂದು ವಿವೇಚನೆ

ವಿದ್ಯಾಭ್ಯಾಸವನ್ನು ಮುಗಿಸಿ ಶಾಲೆಯ ಹೊಸ್ತಿಲನ್ನು ದಾಟಿದ ತರುಣನು ದುಡಿಮೆಯ ನೆಲೆಯೊಂದನ್ನು ಸೇರುವವರೆಗಿನ ಕಾಲವು ಅವನ ಬಾಳಿನಲ್ಲಿ ಬಹು ಸೂಕ್ಷ್ಮವಾದುದು. ಆ ಅವಧಿಯಲ್ಲಿ ಅವನಿಗೆ ಬೇಕಾದುವು ಮುಖ್ಯವಾಗಿ ಎರಡು. ಕೆಲಸ ಎಲ್ಲಿದೆ ಎಂಬ ತಿಳಿವಳಿಕೆ ಒಂದು. ಅಲ್ಲಿಗೆ ತನ್ನ ಅರ್ಜಿಯನ್ನು ತಪ್ಪಿಲ್ಲದೆ ತಲುಪಿಸುವ ದಾರಿ ಇನ್ನೊಂದು. ಹಿಂದೆ ಇವನ್ನು ಒದಗಿಸುತ್ತಿದ್ದುವು ವೃತ್ತಪತ್ರಿಕೆಯ ಜಾಹೀರಾತು, ಅಂಚೆ, ಬಂಧುಮಿತ್ರರ ಬಾಯಿಮಾತು ಮತ್ತು ಉದ್ಯೋಗ ವಿನಿಮಯ ಕೇಂದ್ರ. ಇಂದು ಈ ನಾಲ್ಕರ ಕಾರ್ಯವನ್ನೂ ಬಹುಮಟ್ಟಿಗೆ ಜಾಲತಾಣವೇ ವಹಿಸಿಕೊಂಡಿದೆ. ಆದುದರಿಂದ ಅಂಥ ಜಾಲತಾಣವನ್ನು ಹೇಗೆ ರಚಿಸಬೇಕು ಎಂಬ ಪ್ರಶ್ನೆ ಕೇವಲ ಗಣಕಯಂತ್ರದ ತಜ್ಞರಿಗೆ ಸೇರಿದುದಲ್ಲ. ಮಕ್ಕಳನ್ನು ಓದಿಸಿ ಹೊರಗೆ ಕಳುಹಿಸುವ ಪ್ರತಿಯೊಬ್ಬ ಅಧ್ಯಾಪಕನಿಗೂ ಪೋಷಕನಿಗೂ ಅದು ಸಂಬಂಧಿಸಿದೆ.

ಕಿಟಕಿಯ ಹಿಂದಿನ ಗುಮಾಸ್ತ

ಭಾರತದಲ್ಲಿ ಉದ್ಯೋಗ ವಿನಿಮಯ ಕೇಂದ್ರಗಳ ವ್ಯವಸ್ಥೆ 1945ರಲ್ಲಿ ರೂಪುಗೊಂಡಿತು. ಎರಡನೆಯ ಮಹಾಯುದ್ಧವು ಮುಗಿದು ಸೈನ್ಯದಿಂದ ಬಿಡುಗಡೆ ಹೊಂದಿದವರಿಗೆ ಬೇರೆ ವೃತ್ತಿಗಳನ್ನು ಒದಗಿಸಿಕೊಡುವುದು ಅದರ ಮೂಲ ಉದ್ದೇಶವಾಗಿದ್ದಿತು. 1948ರಲ್ಲಿ ಆ ಕೇಂದ್ರಗಳ ಬಾಗಿಲು ಎಲ್ಲ ಉದ್ಯೋಗಾರ್ಥಿಗಳಿಗೂ ತೆರೆಯಿತು. 1956ರ ನವೆಂಬರ್ 1ರಂದು, ಕನ್ನಡ ನಾಡು ಒಂದುಗೂಡಿದ ದಿನದಂದೇ, ಅವುಗಳ ದೈನಂದಿನ ಆಡಳಿತ ರಾಜ್ಯ ಸರ್ಕಾರಗಳ ಕೈಸೇರಿತು. ಖಾಲಿಯಾದ ಹುದ್ದೆಗಳನ್ನು ಈ ಕೇಂದ್ರಗಳಿಗೆ ತಿಳಿಸುವುದನ್ನು ಕಡ್ಡಾಯಗೊಳಿಸಿದ ಕಾಯಿದೆ 1959ರಲ್ಲಿ ಬಂದಿತು.

ಈ ಕೇಂದ್ರಗಳಲ್ಲಿ ಕಿಟಕಿಯ ಹಿಂದೆ ಒಬ್ಬ ಗುಮಾಸ್ತನು ಕುಳಿತಿರುತ್ತಿದ್ದನು. ಅವನು ಕೆಲವೊಮ್ಮೆ ಸಿಡುಕಿನವನೂ ಆಗಿದ್ದಿರಬಹುದು. ಸರತಿಯ ಸಾಲಂತೂ ಉದ್ದವಾಗಿಯೇ ಇರುತ್ತಿದ್ದಿತು. ಆದರೂ ಹಳ್ಳಿಯಿಂದ ಬಂದ ಹುಡುಗನು ಅರ್ಜಿಯಲ್ಲಿ ಒಂದು ಅಂಕಣವನ್ನು ಖಾಲಿ ಬಿಟ್ಟಿದ್ದರೆ, "ಇಲ್ಲಿ ತಂದೆಯ ಹೆಸರು ಬಿಟ್ಟಿದ್ದೀಯಲ್ಲಪ್ಪ, ಬರೆದುಕೊಡು" ಎಂದು ಬೆರಳಿಟ್ಟು ತೋರಿಸುವವನು ಅವನೇ. ಹುಡುಗನು ಆಡಿದ ಊರಮಾತನ್ನು ಕಚೇರಿಯ ಮಾತಿಗೆ ಹೊಂದಿಸುವವನೂ ಅವನೇ.

1989ರಲ್ಲಿ ಸ್ವಿಟ್ಜರ್ಲೆಂಡಿನ ಸರ್ನ್ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್-ಲೀ ಅವರು ವಿಶ್ವವ್ಯಾಪಿ ಜಾಲದ ಕಲ್ಪನೆಯನ್ನು ಮುಂದಿಟ್ಟರು. 1993ರ ಏಪ್ರಿಲ್ 30ರಂದು ಆ ಸಂಸ್ಥೆಯು ಅದನ್ನು ಸರ್ವರ ಉಪಯೋಗಕ್ಕೆ ಮುಕ್ತಗೊಳಿಸಿತು. 1997ರಲ್ಲಿ ನೌಕ್ರಿ ಡಾಟ್ ಕಾಮ್ ಎಂಬ ಖಾಸಗಿ ತಾಣ ಭಾರತದಲ್ಲಿ ಆರಂಭವಾಯಿತು. 2015ರ ಜುಲೈ 20ರಂದು ಕೇಂದ್ರ ಸರ್ಕಾರದ ರಾಷ್ಟ್ರೀಯ ವೃತ್ತಿ ಸೇವೆಯ ತಾಣ ಲೋಕಾರ್ಪಣೆಗೊಂಡಿತು. ಕಿಟಕಿಯ ಮುಂದಿನ ಸಾಲು ಹೀಗೆ ಕರಗಿತು. ಅದರೊಡನೆ ಗುಮಾಸ್ತನೂ ಮರೆಯಾದನು. ಆದರೆ ಅವನು ಮಾಡುತ್ತಿದ್ದ ಕೆಲಸ ಮರೆಯಾಗಲಿಲ್ಲ. ಅದನ್ನು ಈಗ ಯಾರಾದರೂ ಮಾಡಲೇಬೇಕು. ಜಾಲತಾಣವನ್ನು ರಚಿಸುವವನು ಅದನ್ನು ಹೊತ್ತುಕೊಳ್ಳದಿದ್ದರೆ, ಆ ಹೊರೆ ಬಂದು ಬೀಳುವುದು ಉದ್ಯೋಗಾರ್ಥಿಯ ಹೆಗಲಿಗೆ. ಗುಮಾಸ್ತನಲ್ಲಿದ್ದ ತಿಳಿವಳಿಕೆಯನ್ನು ಪುಟದ ರಚನೆಯಲ್ಲಿಯೇ ಅಳವಡಿಸುವುದು, ಇದೇ ಉತ್ತಮ ಜಾಲತಾಣದ ಲಕ್ಷಣ.

ಸುಗಮತೆಯ ಅಳತೆ

ಬಳಕೆಗೆ ಸುಗಮವಾದುದು ಎಂದರೆ ನೋಟಕ್ಕೆ ಚೆಲುವಾದುದು ಎಂದು ಹಲವರು ಭಾವಿಸುವುದುಂಟು. ಇದು ಸರಿಯಲ್ಲ. ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು 1998ರಲ್ಲಿ ಪ್ರಕಟಿಸಿ 2018ರಲ್ಲಿ ಪರಿಷ್ಕರಿಸಿದ ಐ.ಎಸ್.ಒ. 9241-11 ಎಂಬ ಮಾನಕವು ಇದಕ್ಕೆ ಮೂರು ಅಳತೆಗಳನ್ನು ಹೇಳುತ್ತದೆ. ಬಳಸುವವನು ತಾನು ಬಂದ ಕೆಲಸವನ್ನು ಸರಿಯಾಗಿ ಪೂರೈಸಲು ಶಕ್ತನಾದನೆ ಎಂಬುದು ಮೊದಲನೆಯದು. ಅದಕ್ಕಾಗಿ ಎಷ್ಟು ಕಾಲವನ್ನೂ ಶ್ರಮವನ್ನೂ ವ್ಯಯಿಸಿದನು ಎಂಬುದು ಎರಡನೆಯದು. ಕೊನೆಗೆ ಅವನಿಗೆ ತೃಪ್ತಿಯಾಯಿತೆ ಎಂಬುದು ಮೂರನೆಯದು. ಗಮನಿಸತಕ್ಕ ಅಂಶವೆಂದರೆ, ಈ ಅಳತೆಗಳು ನಿರ್ದಿಷ್ಟ ಬಳಕೆದಾರನನ್ನೂ ನಿರ್ದಿಷ್ಟ ಸನ್ನಿವೇಶವನ್ನೂ ಅವಲಂಬಿಸಿವೆ. ತಂಪು ಕೊಠಡಿಯಲ್ಲಿ ದೊಡ್ಡ ಪರದೆಯ ಮುಂದೆ ಕುಳಿತವನಿಗೆ ಸುಲಭವಾದುದು ಎಲ್ಲರಿಗೂ ಸುಲಭವಾಗಿರಬೇಕಾಗಿಲ್ಲ.

ಆದುದರಿಂದ ಮೊದಲು ಬಳಕೆದಾರನ ಸ್ವರೂಪವನ್ನು ನಿಶ್ಚಯಿಸಿಕೊಳ್ಳಬೇಕು. ಕೊಪ್ಪಳ ಜಿಲ್ಲೆಯ ಹಳ್ಳಿಯೊಂದರ ತರುಣನನ್ನು ಉದಾಹರಣೆಗಾಗಿ ಭಾವಿಸಿಕೊಳ್ಳಬಹುದು. ಅವನು ಕನ್ನಡ ಮಾಧ್ಯಮದಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿ ಐ.ಟಿ.ಐ.ಯಲ್ಲಿ ಫಿಟ್ಟರ್ ವೃತ್ತಿಯನ್ನು ಕಲಿತಿದ್ದಾನೆ. ಮನೆಯಲ್ಲಿ ಗಣಕಯಂತ್ರವಿಲ್ಲ, ಅಂಗೈಯಗಲದ ಮೊಬೈಲ್ ಫೋನಿದೆ. ಸಂಪರ್ಕವು ಆಗಾಗ ಕಡಿದುಹೋಗುತ್ತದೆ. ಹಗಲು ಹೊಲದ ಕೆಲಸ. ಅರ್ಜಿಯನ್ನು ತುಂಬಲು ಕುಳಿತುಕೊಳ್ಳುವುದು ರಾತ್ರಿ. ಅರ್ಜಿಗೆ ಅಂದೇ ಕಡೆಯ ದಿನ. ಈ ತರುಣನು ಯಾರ ನೆರವೂ ಇಲ್ಲದೆ ಅರ್ಜಿಯನ್ನು ಸಲ್ಲಿಸಲು ಶಕ್ತನಾದರೆ ಆ ತಾಣ ಸುಗಮವಾದುದು, ಇಲ್ಲವಾದರೆ ಅಲ್ಲ.

ಕಾವ್ಯದೋಷಗಳ ಬೆಳಕಿನಲ್ಲಿ

ಕನ್ನಡದ ಆದ್ಯ ಲಕ್ಷಣಗ್ರಂಥವಾದ ಕವಿರಾಜಮಾರ್ಗದ ಮೊದಲನೆಯ ಪರಿಚ್ಛೇದವು ದೋಷಾದೋಷಗಳ ನಿರ್ಣಯಕ್ಕೆ ಮೀಸಲಾಗಿದೆ. ಗುಣಗಳನ್ನು ಹೇಳುವುದಕ್ಕೆ ಮೊದಲು ದೋಷಗಳನ್ನು ಕಳೆಯಬೇಕೆಂಬುದು ಶಾಸ್ತ್ರಕಾರರ ಕ್ರಮ. ಓದುವವನಿಗೆ ಅರ್ಥ ತಲುಪುವ ದಾರಿಯಲ್ಲಿ ಅಡ್ಡ ಬರುವುದೆಲ್ಲ ದೋಷವೆಂದು ಆಲಂಕಾರಿಕರು ಎಣಿಸಿದರು. ಅವರು ಹೆಸರಿಸಿದ ದೋಷಗಳಲ್ಲಿ ನಾಲ್ಕನ್ನು ಇಲ್ಲಿ ಅನ್ವಯಿಸಿ ನೋಡುವುದು ಅನುಚಿತವಾಗಲಾರದು.

ಮೊದಲನೆಯದು ಅಪ್ರತೀತ. ಒಂದು ಶಾಸ್ತ್ರವನ್ನು ಬಲ್ಲವರಿಗೆ ಮಾತ್ರ ತಿಳಿಯುವ ಶಬ್ದವನ್ನು ಎಲ್ಲರಿಗಾಗಿ ಬರೆದ ಮಾತಿನಲ್ಲಿ ಪ್ರಯೋಗಿಸುವುದೇ ಈ ದೋಷ. ಉದ್ಯೋಗದ ತಾಣಗಳಲ್ಲಿ ಇದು ಹೆಜ್ಜೆಹೆಜ್ಜೆಗೂ ಕಾಣುತ್ತದೆ. ಇಂಗ್ಲಿಷಿನ ಆಡಳಿತ ಪದವನ್ನು ಹಾಗೆಯೇ ಇಡುವುದು ಒಂದು ಬಗೆ. ಯಾರೂ ಆಡದ ಕಠಿನ ಸಂಸ್ಕೃತ ಸಮಾಸವನ್ನು ಕನ್ನಡವೆಂದು ಇಡುವುದು ಇನ್ನೊಂದು ಬಗೆ. ಜನರು ಪಾಸ್‌ವರ್ಡ್ ಎನ್ನುತ್ತಾರಾದರೆ ಪಾಸ್‌ವರ್ಡ್ ಎಂದೇ ಬರೆಯುವುದು ಯುಕ್ತ. ಭಾಷಾಭಿಮಾನವು ಅರ್ಥವಾಗುವ ಕನ್ನಡವನ್ನು ಬಳಸುವುದರಲ್ಲಿದೆ, ಅರ್ಥವಾಗದ ಕನ್ನಡವನ್ನು ಹೇರುವುದರಲ್ಲಿ ಅಲ್ಲ.

ಎರಡನೆಯದು ಸಂದಿಗ್ಧ. 'ಅನುಭವ: ಹೌದು / ಇಲ್ಲ' ಎಂಬ ಪ್ರಶ್ನೆಗೆ ಆ ಫಿಟ್ಟರ್ ತರುಣನು ಏನೆಂದು ಉತ್ತರಿಸಬೇಕು? ಶಿಶಿಕ್ಷು ತರಬೇತಿಯಲ್ಲಿ ಕಳೆದ ಕಾಲ ಅನುಭವವೋ ಅಲ್ಲವೋ? 'ದಿನಾಂಕ' ಎಂದರೆ ಮೊದಲು ದಿನವೋ ತಿಂಗಳೋ? ಎರಡು ಅರ್ಥಕ್ಕೆ ಎಡೆಗೊಡುವ ಪ್ರಶ್ನೆಯು ಪ್ರಾಮಾಣಿಕನನ್ನೂ ತಪ್ಪುಗಾರನನ್ನಾಗಿ ಮಾಡುತ್ತದೆ. ಪ್ರಶ್ನೆಯ ಕೆಳಗೆ ಒಂದೇ ಸಾಲಿನ ಉದಾಹರಣೆಯನ್ನು ಕೊಟ್ಟರೆ ಸಂದೇಹ ನಿವಾರಣೆಯಾಗುತ್ತದೆ.

ಮೂರನೆಯದು ದೂರಾನ್ವಯ. ಒಂದರೊಡನೊಂದು ಅನ್ವಯವಾಗಬೇಕಾದ ಪದಗಳು ದೂರದೂರ ಬಿದ್ದಿರುವುದು ಇದರ ಸ್ವರೂಪ. ಭಾವಚಿತ್ರ ಇಷ್ಟೇ ಅಳತೆಯದಾಗಿರಬೇಕು ಎಂಬ ಸೂಚನೆ ಮೊದಲ ಪುಟದಲ್ಲಿದ್ದು, ಭಾವಚಿತ್ರವನ್ನು ಸೇರಿಸುವ ಸ್ಥಳ ಏಳನೆಯ ಪುಟದಲ್ಲಿದ್ದರೆ ಓದಿದವನು ಅದನ್ನು ಮರೆಯುವುದು ಸಹಜ. ಸೂಚನೆಯು ತಾನು ಸಲ್ಲಬೇಕಾದ ಅಂಕಣದ ಬಳಿಯಲ್ಲಿಯೇ ಇರಬೇಕು. 2012ರ ಅಕ್ಟೋಬರಿನಲ್ಲಿ ಆರಂಭವಾದ ಬ್ರಿಟನ್ ಸರ್ಕಾರದ ಏಕೀಕೃತ ಜಾಲತಾಣದವರು ಒಂದು ಪುಟದಲ್ಲಿ ಒಂದೇ ವಿಷಯವನ್ನು ಕೇಳುವ ಪದ್ಧತಿಯನ್ನು ರೂಢಿಸಿಕೊಂಡರು. ಸಣ್ಣ ಪರದೆಯ ಫೋನಿಗೂ ಕಡಿದುಹೋಗುವ ಸಂಪರ್ಕಕ್ಕೂ ಇದು ಚೆನ್ನಾಗಿ ಒಗ್ಗುವ ಕ್ರಮ. ತುಂಬಿದಷ್ಟು ಭಾಗವನ್ನು ತಾಣವು ಕೂಡಲೇ ಉಳಿಸಿಕೊಳ್ಳಬೇಕು ಎಂಬುದೊಂದೇ ನಿಯಮ.

ನಾಲ್ಕನೆಯದು ಪುನರುಕ್ತಿ. ಒಮ್ಮೆ ಬರೆದ ವಿಳಾಸವನ್ನು ಮತ್ತೆ ಬರೆಯಿಸುವುದು, ಹುಟ್ಟಿದ ದಿನಾಂಕವನ್ನು ಪಡೆದ ಮೇಲೂ ವಯಸ್ಸನ್ನು ಬೇರೆಯಾಗಿ ಕೇಳುವುದು ಇದಕ್ಕೆ ನಿದರ್ಶನ. 2023ರ ಅಕ್ಟೋಬರಿನಲ್ಲಿ ಪ್ರಕಟವಾದ ಜಾಲ ಸುಲಭಲಭ್ಯತೆಯ ಮಾರ್ಗಸೂಚಿಯ 2.2ನೆಯ ಆವೃತ್ತಿಯು, ಒಂದು ಕಾರ್ಯದಲ್ಲಿ ಒಮ್ಮೆ ಕೊಟ್ಟ ವಿವರವನ್ನು ಮತ್ತೆ ಬರೆಯಿಸದೆ ತಾನಾಗಿ ತುಂಬಬೇಕು ಅಥವಾ ಆಯ್ದುಕೊಳ್ಳಲು ಕೊಡಬೇಕು ಎಂಬುದನ್ನು ನಿಯಮವಾಗಿಯೇ ಸೇರಿಸಿದೆ.

ಹೆಸರಿನ ಅಂಕಣ

ಇನ್ನು ಕನ್ನಡ ನಾಡಿಗೆ ವಿಶೇಷವಾದ ಕೆಲವು ಅಂಶಗಳನ್ನು ಪರಿಶೀಲಿಸಬಹುದು. ಅರ್ಜಿಯ ಮೊದಲ ಅಂಕಣವೇ ಹೆಸರು. ಪಾಶ್ಚಾತ್ಯ ಮಾದರಿಯ ಅರ್ಜಿಗಳು ಹೆಸರನ್ನು ಮೊದಲ ಹೆಸರು, ಕಡೆಯ ಹೆಸರು ಎಂದು ಒಡೆದು, ಎರಡನ್ನೂ ಕಡ್ಡಾಯವಾಗಿಸುತ್ತವೆ. ಉತ್ತರ ಕರ್ನಾಟಕದಲ್ಲಿ ಹಿರೇಮಠ, ಅಂಗಡಿ, ಪಾಟೀಲ ಮುಂತಾದ ಅಡ್ಡಹೆಸರುಗಳಿರುವುದರಿಂದ ಅಲ್ಲಿಯವರಿಗೆ ಇದು ಅಷ್ಟಾಗಿ ತೊಡಕೆನಿಸದು. ಹಳೆಯ ಮೈಸೂರಿನ ಕಡೆ ಹಲವರಿಗೆ ಅಡ್ಡಹೆಸರೇ ಇಲ್ಲ. ಊರು ಮತ್ತು ತಂದೆಯ ಹೆಸರುಗಳ ಮೊದಲಕ್ಷರಗಳು ಮಾತ್ರ ಇರುತ್ತವೆ. ಕಡೆಯ ಹೆಸರು ಕಡ್ಡಾಯವೆಂದಾಗ ಒಬ್ಬನು ಮೊದಲಕ್ಷರವನ್ನು ಬರೆಯುತ್ತಾನೆ. ಇನ್ನೊಬ್ಬನು ತಂದೆಯ ಹೆಸರನ್ನು ಬರೆಯುತ್ತಾನೆ. ಮತ್ತೊಬ್ಬನು ಚುಕ್ಕೆಯನ್ನಿಟ್ಟು ಮುಂದೆ ಸಾಗುತ್ತಾನೆ. ಅನಂತರ ಅಂಕಪಟ್ಟಿಯ ಹೆಸರು, ಆಧಾರ್ ಚೀಟಿಯ ಹೆಸರು ಮತ್ತು ಅರ್ಜಿಯ ಹೆಸರು ಒಂದರೊಡನೊಂದು ಹೊಂದದೆ, ದಾಖಲೆಗಳ ಪರಿಶೀಲನೆಯ ದಿನ ಸಂಕಟವುಂಟಾಗುತ್ತದೆ. 'ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಇರುವಂತೆ ಪೂರ್ಣ ಹೆಸರು' ಎಂಬ ಒಂದೇ ಅಂಕಣವಿದ್ದರೆ ಈ ತೊಡಕು ಹುಟ್ಟುವುದೇ ಇಲ್ಲ.

ಕನ್ನಡದಲ್ಲಿ ಹುಡುಕಾಟ

ಗಾರೆ ಕೆಲಸವನ್ನು ಬಲ್ಲವನನ್ನು ಉತ್ತರ ಕರ್ನಾಟಕದಲ್ಲಿ ಗೌಂಡಿ ಎನ್ನುವರು. ಬೇರೆಡೆ ಗಾರೆಯವನು, ಮೇಸ್ತ್ರಿ ಎಂದೂ ಕರೆಯುವರು. ಸರ್ಕಾರದ ವೃತ್ತಿ ವರ್ಗೀಕರಣದಲ್ಲಿಯಾದರೋ ಪ್ರತಿ ವೃತ್ತಿಗೂ ಒಂದು ಸಂಕೇತವಿದೆ. 2015ರ ರಾಷ್ಟ್ರೀಯ ವೃತ್ತಿ ವರ್ಗೀಕರಣವು ಎಂಟು ಅಂಕಿಗಳ ಸಂಕೇತವನ್ನು ಬಳಸುತ್ತದೆ. ಈ ಸಂಕೇತವು ಯಂತ್ರಕ್ಕೆ ಬೇಕು, ಮನುಷ್ಯನಿಗೆ ಬೇಡ. ಗೌಂಡಿ ಎಂದು ಬರೆದರೂ ಗಾರೆ ಎಂದು ಬರೆದರೂ ಒಂದೇ ಕಡೆಗೆ ಕರೆದೊಯ್ಯುವ ಸಮಾನಾರ್ಥಕ ಪದಗಳ ಕೋಶವೊಂದು ತಾಣದ ಹಿಂದೆ ಇರಬೇಕು. ಗುಲ್ಬರ್ಗಾ 2014ರ ನವೆಂಬರ್ 1ರಿಂದ ಕಲಬುರಗಿ ಎನಿಸಿತು. ಹಳೆಯ ಹೆಸರಿನಿಂದ ಹುಡುಕುವವನಿಗೂ ಅಲ್ಲಿನ ಹುದ್ದೆಗಳು ಕಾಣಬೇಕು. ಇಂಥ ಕೋಶದ ರಚನೆಯು ಗಣಕ ತಜ್ಞನಿಂದ ಮಾತ್ರ ಆಗುವುದಲ್ಲ; ಆಡುಮಾತನ್ನು ಬಲ್ಲವರ ನೆರವೂ ಅದಕ್ಕೆ ಬೇಕು.

ಜಿಲ್ಲೆಗಳ ಪಟ್ಟಿಯನ್ನು ಗಮನಿಸಿದರೆ ಇನ್ನೊಂದು ದೋಷ ಕಾಣುತ್ತದೆ. ಹೆಸರುಗಳನ್ನು ಕನ್ನಡಕ್ಕೆ ತಿರುಗಿಸಿದ ಮೇಲೂ ಕ್ರಮವು ಇಂಗ್ಲಿಷ್ ವರ್ಣಮಾಲೆಯದಾಗಿಯೇ ಉಳಿದು, ಬಾಗಲಕೋಟೆ, ಬಳ್ಳಾರಿ ಮೊದಲಿಗೆ ಬರುವುದುಂಟು. ಕನ್ನಡದ ಅಕಾರಾದಿಯಲ್ಲಿ ಉಡುಪಿ, ಉತ್ತರ ಕನ್ನಡ, ಕಲಬುರಗಿ, ಕೊಡಗು, ಕೊಪ್ಪಳ ಎಂಬ ಕ್ರಮ ಬರಬೇಕು. 31 ಜಿಲ್ಲೆಗಳ ಪಟ್ಟಿಯಲ್ಲಿ ತನ್ನ ಜಿಲ್ಲೆ ಎಲ್ಲಿದೆ ಎಂದು ಹುಡುಕುವವನಿಗೆ ತಾನು ಬಾಲ್ಯದಲ್ಲಿ ಕಲಿತ ವರ್ಣಮಾಲೆಯೇ ಉಪಯೋಗಕ್ಕೆ ಬಾರದಂತಾಗಬಾರದು.

ಅಕ್ಷರಗಳ ಸಂಕೇತದ ವಿಷಯವೂ ಮುಖ್ಯವಾದುದು. 1991ರಲ್ಲಿ ಬಂದ ಯೂನಿಕೋಡಿನ ಮೊದಲನೆಯ ಆವೃತ್ತಿಯಿಂದಲೇ ಕನ್ನಡ ಲಿಪಿಗೆ ಅದರಲ್ಲಿ ಸ್ಥಾನವಿದೆ. 128 ಸ್ಥಾನಗಳು ಕನ್ನಡಕ್ಕೆ ಮೀಸಲಾಗಿವೆ. ಆದರೂ ಹಳೆಯ ಅಕ್ಷರ ವಿನ್ಯಾಸಗಳಲ್ಲಿ ಬೆರಳಚ್ಚು ಮಾಡಿದ ಪ್ರಕಟಣೆಗಳು ಬೇರೆಯವರ ಫೋನಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ತೋರುವುದುಂಟು. ಹುಡುಕಾಟಕ್ಕೂ ಅವು ಸಿಕ್ಕುವುದಿಲ್ಲ. ಪ್ರಕಟಣೆ ಯೂನಿಕೋಡಿನಲ್ಲಿಯೇ ಇರಬೇಕು. ಅರ್ಜಿಯಲ್ಲಿ ತರುಣನು ಕನ್ನಡ ಅಂಕಿಗಳಲ್ಲಿ ದಿನಾಂಕವನ್ನು ಬರೆದರೂ, ಫೋನಿನ ಸಂಖ್ಯೆಯ ನಡುವೆ ತೆರಪು ಬಿಟ್ಟರೂ, ತಾಣವು ಅದನ್ನು ತಪ್ಪೆಂದು ತಿರಸ್ಕರಿಸದೆ ತಾನೇ ಸರಿಪಡಿಸಿಕೊಳ್ಳಬೇಕು.

ತಪ್ಪನ್ನು ತಿಳಿಸುವ ಬಗೆ

ಇಡೀ ವಿಷಯದ ಮರ್ಮಸ್ಥಾನವಿರುವುದು ಇಲ್ಲಿಯೇ. ಆ ತರುಣನು ಎರಡು ಗಂಟೆಗಳ ಕಾಲ ಅರ್ಜಿಯನ್ನು ತುಂಬಿ, ಸಲ್ಲಿಸುವ ಗುಂಡಿಯನ್ನು ಒತ್ತುತ್ತಾನೆ. 'ಅಮಾನ್ಯ ಮಾಹಿತಿ' ಎಂಬ ಎರಡೇ ಪದಗಳು ಕೆಂಪು ಬಣ್ಣದಲ್ಲಿ ಮೂಡುತ್ತವೆ. ಯಾವ ಮಾಹಿತಿ, ಏಕೆ ಅಮಾನ್ಯ, ಏನು ಮಾಡಬೇಕು, ಒಂದೂ ಇಲ್ಲ. ಮತ್ತೆ ಪ್ರಯತ್ನಿಸಿದಾಗ ತುಂಬಿದುದೆಲ್ಲವೂ ಅಳಿಸಿಹೋಗಿರುತ್ತದೆ. ಅಷ್ಟರಲ್ಲಿ ಗಡುವು ಮುಗಿಯುತ್ತದೆ. ಆಗ ಅವನು ತಾಣವನ್ನು ದೂರುವುದಿಲ್ಲ. "ನನಗೆ ಇದು ತಿಳಿಯಲಿಲ್ಲ, ನಾನು ಇದಕ್ಕೆ ಯೋಗ್ಯನಲ್ಲ" ಎಂದುಕೊಳ್ಳುತ್ತಾನೆ. ರಚನೆಯ ದೋಷವು ಹೀಗೆ ಮನುಷ್ಯನ ದೋಷವಾಗಿ ಮಾರ್ಪಡುತ್ತದೆ. ಎರಡು ವರ್ಷ ಕಲಿತ ವೃತ್ತಿಯ ಮೇಲಿನ ಭರವಸೆ ಒಂದು ರಾತ್ರಿಯಲ್ಲಿ ಕುಸಿಯುತ್ತದೆ.

ಇದನ್ನು ತಪ್ಪಿಸುವುದು ಕಷ್ಟವೇನಲ್ಲ. 'ಭಾವಚಿತ್ರವು 50 ಕೆ.ಬಿ.ಗಿಂತ ದೊಡ್ಡದಾಗಿದೆ, ಚಿಕ್ಕದು ಮಾಡಲು ಇಲ್ಲಿ ಒತ್ತಿ' ಎಂದರೆ ಸಾಕು. ಭಾವಚಿತ್ರವನ್ನು ತಾಣವೇ ಕುಗ್ಗಿಸಿಕೊಂಡರೆ ಆ ಮಾತೂ ಬೇಕಾಗುವುದಿಲ್ಲ. ತಪ್ಪಿರುವ ಅಂಕಣದ ಬಳಿಯಲ್ಲಿಯೇ, ಬರಿಯ ಬಣ್ಣದಿಂದಲ್ಲದೆ ಮಾತಿನಲ್ಲಿ ಅದನ್ನು ತಿಳಿಸಬೇಕು. ಸರಿಯಾಗಿರುವ ಉಳಿದ ಅಂಕಣಗಳನ್ನು ಹಾಗೆಯೇ ಉಳಿಸಬೇಕು. ಕಾಲಮಿತಿಯಿಂದ ಪುಟವು ಮುಚ್ಚಿಕೊಳ್ಳುವುದಾದರೆ ಮೊದಲೇ ಎಚ್ಚರಿಸಿ, ಒಂದು ಸರಳ ಕ್ರಿಯೆಯಿಂದ ಅವಧಿಯನ್ನು ಹೆಚ್ಚಿಸಿಕೊಳ್ಳಲು ಕನಿಷ್ಠ 20 ಸೆಕೆಂಡುಗಳ ಅವಕಾಶ ಕೊಡುವುದು ಮೇಲೆ ಹೇಳಿದ ಮಾರ್ಗಸೂಚಿಯು ಅಂಗೀಕರಿಸುವ ಒಂದು ಕ್ರಮ. ಅರ್ಜಿ ತಲುಪಿದ ಮೇಲೆ 'ತಲುಪಿತು' ಎಂಬ ಸ್ಪಷ್ಟವಾದ ಮಾತೂ ಒಂದು ಸಂಖ್ಯೆಯೂ ಅವನ ಕೈಸೇರಬೇಕು. ಹಿಂದಿನ ಕೇಂದ್ರದಲ್ಲಿ ಮೊಹರು ಬಿದ್ದ ನೋಂದಣಿ ಚೀಟಿ ಕೊಡುತ್ತಿದ್ದ ನೆಮ್ಮದಿ ಇದೇ ಅಲ್ಲವೆ?

ಅಂಗವೈಕಲ್ಯವುಳ್ಳವರ ಹಕ್ಕು

ಉದ್ಯೋಗಾರ್ಥಿಗಳಲ್ಲಿ ಕಣ್ಣು ಕಾಣದವರೂ ಕೈ ನಡುಗುವವರೂ ಇರುತ್ತಾರೆ. 2016ರ ವಿಕಲಾಂಗ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು 21 ಬಗೆಯ ವೈಕಲ್ಯಗಳನ್ನು ಪರಿಗಣಿಸಿದೆ. ಅಂಗವೈಕಲ್ಯವುಳ್ಳವರಿಗೆ ಅಂಕೀಯ ಸೇವೆಗಳು ದೊರಕುವುದು ಬದುಕುವ ಹಕ್ಕಿನ ಭಾಗವೆಂದು ಸರ್ವೋಚ್ಚ ನ್ಯಾಯಾಲಯವು 2025ರ ಏಪ್ರಿಲಿನಲ್ಲಿ ಸಾರಿದೆ. 2006ರಲ್ಲಿ ಆಸ್ಟ್ರೇಲಿಯಾದ ಅಂಧ ತರುಣನೊಬ್ಬನು ಆರಂಭಿಸಿದ ಎನ್.ವಿ.ಡಿ.ಎ. ಎಂಬ ಉಚಿತ ತಂತ್ರಾಂಶವು ಪರದೆಯ ಮೇಲಿನ ಬರಹವನ್ನು ಓದಿ ಹೇಳುತ್ತದೆ. ಆದರೆ ನೇಮಕಾತಿಯ ಪ್ರಕಟಣೆಯನ್ನು ಕಾಗದದಿಂದ ಚಿತ್ರವಾಗಿ ತೆಗೆದು ಹಾಕಿದರೆ ಅದು ನೇರವಾಗಿ ಓದಲಾರದು. ಅದಕ್ಕೆ ಬೇಕಾದುದು ಅಕ್ಷರ ರೂಪದ ಬರಹ. ಸಾಧಾರಣ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ನಡುವಣ ಛಾಯೆಯ ಅಂತರವು 4.5ಕ್ಕೆ 1ರಷ್ಟಾದರೂ ಇರಬೇಕೆಂದು ಮಾರ್ಗಸೂಚಿ ಹೇಳುತ್ತದೆ. ಈ ನಿಯಮಗಳಿಂದ ಉಪಕಾರವಾಗುವುದು ವೈಕಲ್ಯವುಳ್ಳವರಿಗೆ ಮಾತ್ರವಲ್ಲ. ಬಿಸಿಲಿನಲ್ಲಿ ನಿಂತು ಫೋನನ್ನು ನೋಡುವ ಕೂಲಿಕಾರನಿಗೂ ತಿಳಿಬೂದು ಅಕ್ಷರ ಕಾಣುವುದಿಲ್ಲ.

ವಿಶ್ವಾಸದ ಪ್ರಶ್ನೆ

ಕೆಲಸದ ಆಸೆಯನ್ನು ತೋರಿಸಿ ನೋಂದಣಿ ಶುಲ್ಕವೆಂದು ಹಣವನ್ನು ಸೆಳೆಯುವ ವಂಚಕ ತಾಣಗಳೂ ಇವೆ. ಆದುದರಿಂದ ಪ್ರಾಮಾಣಿಕ ತಾಣವು ತಾನು ಯಾರದು, ಶುಲ್ಕವಿದೆಯೆ ಇಲ್ಲವೆ, ಕಡೆಯ ದಿನ ಯಾವುದು, ವೇತನವೆಷ್ಟು, ಸಂದೇಹವಿದ್ದರೆ ಯಾರನ್ನು ಕೇಳಬೇಕು ಎಂಬುವನ್ನು ಮೊದಲ ಪುಟದಲ್ಲಿಯೇ ಮುಚ್ಚುಮರೆಯಿಲ್ಲದೆ ಹೇಳಬೇಕು. ಅಗತ್ಯವಿಲ್ಲದ ವಿವರಗಳನ್ನು ಕೇಳಬಾರದು. 2023ರ ಅಂಕೀಯ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು, ವಿವರಗಳನ್ನು ಪಡೆಯುವಾಗ ಕೊಡುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಇರಬೇಕೆಂದು ವಿಧಿಸುತ್ತದೆ. ಕನ್ನಡವು ಆ ಅನುಸೂಚಿಯಲ್ಲಿದೆ ಎಂಬುದನ್ನು ಹೇಳಬೇಕಾಗಿಲ್ಲ.

ಪರೀಕ್ಷೆ ಮತ್ತು ಕರ್ತವ್ಯ

ಇಷ್ಟೆಲ್ಲ ನಿಯಮಗಳನ್ನು ಪಾಲಿಸಿದ ಮೇಲೂ ತಾಣವು ಸುಗಮವೆಂದು ಅದನ್ನು ರಚಿಸಿದವನೇ ತೀರ್ಮಾನಿಸುವಂತಿಲ್ಲ. ಕಾವ್ಯಕ್ಕೆ ಸಹೃದಯನು ಪ್ರಮಾಣವಾಗಿರುವಂತೆ ತಾಣಕ್ಕೆ ಬಳಕೆದಾರನೇ ಪ್ರಮಾಣ. ಇದಕ್ಕೆ ಬಹಳ ಹಣವೂ ಬೇಕಾಗಿಲ್ಲ. ಈ ಕ್ಷೇತ್ರದ ವಿದ್ವಾಂಸರಾದ ಜೇಕಬ್ ನೀಲ್ಸನ್ ಅವರು 2000ದಲ್ಲಿ ಬರೆದ ಲೇಖನದಲ್ಲಿ, ಐವರು ಬಳಕೆದಾರರನ್ನು ಕೂರಿಸಿ ನೋಡಿದರೆ ಬಳಕೆಯ ತೊಡಕುಗಳಲ್ಲಿ ಸುಮಾರು ಶೇಕಡ 85ರಷ್ಟು ಹೊರಬೀಳುತ್ತವೆ ಎಂದು ಲೆಕ್ಕವಿಟ್ಟು ತೋರಿಸಿದರು. ಒಮ್ಮೆ ದೊಡ್ಡ ಪರೀಕ್ಷೆ ಮಾಡುವುದಕ್ಕಿಂತ ಚಿಕ್ಕ ಪರೀಕ್ಷೆಯನ್ನು ಮಾಡಿ, ತಿದ್ದಿ, ಮತ್ತೆ ಪರೀಕ್ಷಿಸುವುದು ಮೇಲೆಂಬುದು ಅವರ ಅಭಿಪ್ರಾಯ. ಪರೀಕ್ಷಿಸುವವನು ಬಾಯಿ ಮುಚ್ಚಿ ಕುಳಿತಿರಬೇಕು. ಬಳಸುವವನ ಬೆರಳು ಎಲ್ಲಿ ತಡೆಯುತ್ತದೆಯೋ ಅಲ್ಲಿ ದೋಷವಿದೆ.

ಈ ಕಾರ್ಯದಲ್ಲಿ ವಿದ್ಯಾಸಂಸ್ಥೆಗಳ ಪಾತ್ರವು ಅಲ್ಪವಾದುದಲ್ಲ. ಸಂಸ್ಥೆಯಲ್ಲಿ ಕಲಿತು ಬೆಂಗಳೂರು ಮೊದಲಾದ ಕಡೆ ತಂತ್ರಾಂಶ ರಚನೆಯಲ್ಲಿ ತೊಡಗಿರುವ ಹಿರಿಯ ವಿದ್ಯಾರ್ಥಿಗಳು, ತಾವು ಕಲಿತ ಊರಿಗೆ ಬಂದಾಗ ಒಂದು ಮಧ್ಯಾಹ್ನ ಐವರು ಉದ್ಯೋಗಾರ್ಥಿಗಳ ಪಕ್ಕದಲ್ಲಿ ಕುಳಿತು, ಅವರು ಅರ್ಜಿಯನ್ನು ತುಂಬುವುದನ್ನು ನೋಡಲಿ. ಅಧ್ಯಾಪಕರು ಹತ್ತನೆಯ ತರಗತಿಯಲ್ಲಿ ಪತ್ರಲೇಖನವನ್ನು ಕಲಿಸುವಾಗ, ಮಾದರಿ ಅರ್ಜಿಯೊಂದನ್ನು ಪರದೆಯ ಮೇಲೆ ತುಂಬಿಸುವ ಅಭ್ಯಾಸವನ್ನೂ ಮಾಡಿಸಲಿ. ದಾನಿಗಳು ಕೊಡುವ ಕೊಠಡಿಗಳಲ್ಲಿ ಒಂದರಲ್ಲಿ ಗಣಕಯಂತ್ರವೊಂದನ್ನಿರಿಸಿ, ಸಂಜೆಯ ಹೊತ್ತು ನೆರವಾಗಬಲ್ಲ ಒಬ್ಬರನ್ನು ನಿಯಮಿಸಲು ಸಾಧ್ಯವಾದರೆ, ಕಡೆಯ ದಿನದ ರಾತ್ರಿ ಒಂಟಿಯಾಗಿ ತೊಳಲುವ ಹುಡುಗರ ಸಂಖ್ಯೆ ಕಡಿಮೆಯಾಗುವುದು.

ತಾಣವು ಎಲ್ಲರಿಗೂ ಕೆಲಸವನ್ನು ಕೊಡಲಾರದು. ಹುದ್ದೆಗಳಿರುವುದು ಕೆಲವು, ಬಯಸುವವರು ಹಲವರು. ಆದರೆ ಸೋಲುವವನು ತನ್ನ ವೃತ್ತಿಯ ಪರೀಕ್ಷೆಯಲ್ಲಿ ಸೋಲಬಹುದೇ ಹೊರತು, ಅರ್ಜಿಯ ಅಂಕಣದಲ್ಲಿ ಸೋಲಬಾರದು. ದುಡಿಯಲು ಬಂದವನನ್ನು ಬಾಗಿಲಿನಲ್ಲಿಯೇ ಅವಮಾನಿಸದೆ ಒಳಗೆ ಕರೆಯುವ ಸೌಜನ್ಯವು ಹಿಂದೆ ಕಿಟಕಿಯ ಹಿಂದಿನ ಒಬ್ಬ ಒಳ್ಳೆಯ ಗುಮಾಸ್ತನಲ್ಲಿ ಇದ್ದಿತು. ಅದು ಇಂದಿನ ಪರದೆಯ ಮೇಲೆಯೂ ಕಾಣುವಂತಾಗಲಿ.